‘ಅಪಾಯ’ದ ಹಣೆಪಟ್ಟಿ ಹೊತ್ತ ಹೃದಯ

ಸೋಂಕಿನ ಭೀತಿಯಿರುವ ದಾನಿಯ ಹೃದಯವನ್ನು ಸ್ವೀಕರಿಸಬಹುದೇ? ಅಮೆರಿಕದ ವೈದ್ಯಲೋಕ ದಶಕಗಳಿಂದ ಉತ್ತರ ಅರಸುತ್ತಿರುವ ಪ್ರಶ್ನೆಯಿದು. 2007ರಲ್ಲಿ ಷಿಕಾಗೋದಲ್ಲಿ ಒಬ್ಬನೇ ದಾನಿಯ ಅಂಗಗಳಿಂದ ನಾಲ್ವರಿಗೆ ಎಚ್‌ಐವಿ ಹಾಗೂ ಹೆಪಟೈಟಿಸ್ ಸಿ ತಗುಲಿದವು. ಸೋಂಕಿನ ಆರಂಭದ ದಿನಗಳಲ್ಲಿ ರಕ್ತದಲ್ಲಿ ಪ್ರತಿಕಾಯಗಳು ಮೂಡಿರುವುದಿಲ್ಲ. ಅವುಗಳನ್ನಷ್ಟೇ ಹುಡುಕುವ ಪರೀಕ್ಷೆಗೆ ರೋಗ ಕಾಣಿಸದು. ವೈರಾಣುವನ್ನೇ ನೇರವಾಗಿ ಪತ್ತೆಹಚ್ಚುವ ನ್ಯಾಟ್ ಪರೀಕ್ಷೆ ಈ ಅವಧಿಯನ್ನು ಬಹಳ ಕುಗ್ಗಿಸಿದೆ, ಪೂರ್ಣ ಇಲ್ಲವಾಗಿಸಿಲ್ಲ.

ಔಷಧವೂ ಪರಿಸ್ಥಿತಿಯನ್ನು ಬದಲಿಸಿದೆ. 2019ರಲ್ಲಿ ಪ್ರಕಟವಾದ ಬಾಸ್ಟನ್‌ನ ಅಧ್ಯಯನವೊಂದರಲ್ಲಿ ಹೆಪಟೈಟಿಸ್ ಸಿ ಸೋಂಕಿತ ದಾನಿಗಳ ಹೃದಯ ಇಲ್ಲವೇ ಶ್ವಾಸಕೋಶವನ್ನು 44 ಮಂದಿಗೆ ಕಸಿ ಮಾಡಿ, ಕೆಲವೇ ಗಂಟೆಗಳಲ್ಲಿ ಔಷಧ ಆರಂಭಿಸಿ, 4 ವಾರ ನೀಡಲಾಯಿತು. ಆರು ತಿಂಗಳು ಪೂರೈಸಿದ ಮೊದಲ 35 ಮಂದಿಯೂ ಬದುಕಿದ್ದರು. ಯಾರ ರಕ್ತದಲ್ಲೂ ವೈರಾಣು ಪತ್ತೆಯಾಗಲಿಲ್ಲ.

2020ರಲ್ಲಿ ಅಲ್ಲಿನ ಸಾರ್ವಜನಿಕ ಆರೋಗ್ಯ ಸೇವೆಯು ‘ಹೆಚ್ಚಿನ ಅಪಾಯ’ ಎಂಬ ಹಣೆಪಟ್ಟಿಯನ್ನೇ ಕೈಬಿಟ್ಟಿತು. ದಾನಿಯ ಹಿನ್ನೆಲೆ ಪರಿಶೀಲಿಸುವ ಅವಧಿಯನ್ನು 12 ತಿಂಗಳಿಂದ 30 ದಿನಗಳಿಗೆ ಇಳಿಸಿತು. ಸೋಂಕಿಗೆ ಚಿಕಿತ್ಸೆಯುಂಟು, ಸೋತ ಹೃದಯಕ್ಕೆ ಕಾಯುವ ವ್ಯವಧಾನವಿಲ್ಲ. ಆದರೂ ಕಸಿಯ ಬಳಿಕ 4ರಿಂದ 8 ವಾರಗಳೊಳಗಿನ ಮರುಪರೀಕ್ಷೆ ಹಾಗೂ ರೋಗಿಯ ಒಪ್ಪಿಗೆ ಅನಿವಾರ್ಯ. ಒಪ್ಪಿಗೆಯೆಂದರೆ ಬರಿಯ ಸಹಿಯಲ್ಲ. ರೋಗಿಗೆ ಅರ್ಥವಾಗುವ ನುಡಿಯಲ್ಲಿ ಅಪಾಯ, ಪ್ರಯೋಜನಗಳೆರಡನ್ನೂ ತಿಳಿಸಿದಾಗಲೇ ಅದಕ್ಕೆ ಬೆಲೆ.