ಯಂತ್ರಕ್ಕೂ ನಿದಾನ ಬೇಕು

ರೋಗದ ಮೂಲವನ್ನು ಗುರುತಿಸುವ ಕಾರ್ಯಕ್ಕೆ ವೈದ್ಯಶಾಸ್ತ್ರದಲ್ಲಿ ನಿದಾನವೆಂದು ಹೆಸರು. ವಿಳಂಬವನ್ನು ಸೂಚಿಸುವ ನಿಧಾನವೆಂಬ ಪದಕ್ಕೂ ಇದಕ್ಕೂ ಒಂದು ಮಹಾಪ್ರಾಣದಷ್ಟೇ ಅಂತರ. ಇವೆರಡನ್ನೂ ಒಂದೇ ಎಂದು ಬಗೆಯುವುದು ವ್ಯಾಕರಣಕ್ಕೆ ಒಪ್ಪದಿದ್ದರೂ, ರೋಗವನ್ನು ಸರಿಯಾಗಿ ಗುರುತಿಸಬೇಕಾದರೆ ಅವಸರ ಕೂಡದೆಂಬುದು ನಿಜವಷ್ಟೆ. ಮನುಷ್ಯದೇಹದ ವಿಷಯದಲ್ಲಿ ಎಲ್ಲರೂ ಒಪ್ಪುವ ಈ ಮಾತನ್ನು ಯಂತ್ರಗಳ ವಿಷಯದಲ್ಲಿ ನಾವು ಮರೆತಿದ್ದೇವೆ. ಯಂತ್ರ ಕೆಟ್ಟೊಡನೆ ಯಾವ ಭಾಗವನ್ನು ಬದಲಾಯಿಸಬೇಕೆಂದು ಕೇಳುತ್ತೇವೆ. ಆ ಭಾಗವೇ ಕೆಟ್ಟಿದೆಯೆಂದು ಹೇಗೆ ತಿಳಿಯಿತೆಂದು ಕೇಳುವುದಿಲ್ಲ. ಈ ಎರಡನೆಯ ಪ್ರಶ್ನೆಯೇ ಮೊದಲು ಬರಬೇಕೆಂಬುದು ನಮ್ಮ ವಾದ.

ದೃಷ್ಟಾಂತಕ್ಕಾಗಿ ಅಮೆರಿಕದ ಒಂದು ಗಾಡಿಯನ್ನು ತೆಗೆದುಕೊಳ್ಳೋಣ. ಅಲ್ಲಿನ ಕ್ರೈಸ್ಲರ್ ಸಂಸ್ಥೆ 1984ರ ಮಾದರಿಗಳಾಗಿ ಡಾಡ್ಜ್ ಕ್ಯಾರವಾನ್, ಪ್ಲಿಮತ್ ವಾಯೇಜರ್ ಎಂಬ ಮಿನಿವ್ಯಾನುಗಳನ್ನು ಹೊರತಂದಿತು. ಏಳು ಮಂದಿ ಕೂರಬಹುದಾದ, ಆದರೂ ಕಾರಿನಂತೆ ಸಲೀಸಾಗಿ ನಡೆಸಬಹುದಾದ ಈ ಗಾಡಿಗಳು ಮಕ್ಕಳೊಂದಿಗರ ಮೆಚ್ಚುಗೆಗೆ ಬೇಗನೆ ಪಾತ್ರವಾದವು. 1989ರ ಮಾದರಿಗಳಿಂದ ಮೊದಲುಗೊಂಡು ಇವುಗಳಿಗೆ ಎ-604 ಎಂಬ ಹೊಸ ಸ್ವಯಂಚಾಲಿತ ಗೇರುಪೆಟ್ಟಿಗೆಯನ್ನು ಅಳವಡಿಸಲಾಯಿತು. ‘ಅಲ್ಟ್ರಾಡ್ರೈವ್’ ಎಂದು ಪ್ರಸಿದ್ಧವಾದ ಈ ಪೆಟ್ಟಿಗೆಯಲ್ಲಿ ಗೇರು ಬದಲಾವಣೆಯ ಹೊಣೆಯನ್ನು ಎಲೆಕ್ಟ್ರಾನಿಕ್ ಗಣಕಕ್ಕೆ ಒಪ್ಪಿಸಲಾಗಿತ್ತು. ಇದರ ತೊಂದರೆಗಳ ಕಥೆ ವಿಜ್ಞಾನದ ವಿದ್ಯಾರ್ಥಿಗಳಿಗೆ ಒಳ್ಳೆಯ ಪಾಠ.

ಎಂಜಿನ್ನು ವೇಗವಾಗಿ ಸುತ್ತುತ್ತಿರುವಾಗ ಮಾತ್ರ ಸಾಕಷ್ಟು ಶಕ್ತಿಯನ್ನು ಕೊಡಬಲ್ಲುದು; ಚಕ್ರಗಳಾದರೋ ನಿಂತ ನೆಲೆಯಿಂದ ಹೊರಡಬೇಕು. ಇವೆರಡಕ್ಕೂ ಹೊಂದಾಣಿಕೆ ಮಾಡುವುದೇ ಗೇರುಪೆಟ್ಟಿಗೆಯ ಕೆಲಸ. ಎ-604ರ ಒಂದನೆಯ ಗೇರಿನಲ್ಲಿ ಒಳಬರುವ ದಂಡ 2.84 ಸುತ್ತು ತಿರುಗಿದರೆ ಹೊರಹೋಗುವ ದಂಡ ಒಂದು ಸುತ್ತು ತಿರುಗುತ್ತದೆ. ಎರಡನೆಯದರಲ್ಲಿ ಈ ಪ್ರಮಾಣ 1.57, ಮೂರನೆಯದರಲ್ಲಿ 1, ನಾಲ್ಕನೆಯದರಲ್ಲಿ 0.69. ಐದು ಕ್ಲಚ್ಚುಗಳ ಪೈಕಿ ಯಾವುವು ಹಿಡಿದಿವೆ, ಯಾವುವು ಬಿಟ್ಟಿವೆ ಎಂಬುದರ ಮೇಲೆ ಗೇರು ನಿರ್ಧಾರವಾಗುತ್ತದೆ. ಕ್ಲಚ್ಚನ್ನು ಅದುಮುವುದು ತೈಲದ ಒತ್ತಡ. ಆ ತೈಲಕ್ಕೆ ದಾರಿ ಬಿಡುವುವು ವಿದ್ಯುತ್ತಿನಿಂದ ಕೆಲಸಮಾಡುವ ನಾಲ್ಕು ಸೊಲೆನಾಯ್ಡ್ ಕವಾಟಗಳು. ಅವುಗಳಿಗೆ ಅಪ್ಪಣೆ ಕೊಡುವುದು ಗಣಕ. ಒಳದಂಡದ ವೇಗವನ್ನೂ ಹೊರದಂಡದ ವೇಗವನ್ನೂ ಎರಡು ಸೆನ್ಸಾರುಗಳು ಎಣಿಸಿ ಗಣಕಕ್ಕೆ ವರದಿ ಮಾಡುತ್ತಿರುತ್ತವೆ.

ವರದಿಗೂ ಅಪ್ಪಣೆಗೂ ತಾಳೆಯಾಗದಿದ್ದರೆ ಗಣಕವು ತನ್ನ ಸ್ಮರಣೆಯಲ್ಲಿ ಒಂದು ಸಂಕೇತಾಂಕವನ್ನು ಬರೆದಿಟ್ಟು, ಕವಾಟಗಳಿಗೆ ಹರಿಯುವ ವಿದ್ಯುತ್ತನ್ನು ಕಡಿದುಬಿಡುತ್ತದೆ. ಆಗ ಮುಂದಕ್ಕೆ ಸಾಗಲು ಎರಡನೆಯ ಗೇರೊಂದೇ ಉಳಿಯುತ್ತದೆ. ಪೆಟ್ಟಿಗೆ ಇನ್ನಷ್ಟು ಹಾಳಾಗದಿರಲಿ, ಗಾಡಿ ಕುಂಟುತ್ತಲಾದರೂ ಮನೆ ಸೇರಲಿ ಎಂಬುದು ಈ ಏರ್ಪಾಟಿನ ಉದ್ದೇಶ. ಎಂಜಿನ್ನನ್ನು ಆರಿಸಿ ಮರಳಿ ಚಾಲೂ ಮಾಡಿದರೆ ಎಲ್ಲವೂ ಸರಿಹೋದಂತೆ ತೋರಿ, ಸ್ವಲ್ಪ ದೂರ ಹೋಗುವುದರೊಳಗೆ ಅದೇ ತೊಂದರೆ ಮರುಕಳಿಸುವುದುಂಟು. ಹೆದ್ದಾರಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಧಾವಿಸುತ್ತಿರುವ ಗಾಡಿ ಹಠಾತ್ತನೆ ಎರಡನೆಯ ಗೇರಿಗೆ ಇಳಿದರೆ, ಹಿಂದೆ ಬರುವವರಿಗೂ ಒಳಗೆ ಕುಳಿತವರಿಗೂ ಅಪಾಯ ತಪ್ಪಿದ್ದಲ್ಲ.

ಇಂತಹ ಗಾಡಿ ದುರಸ್ತಿಗೆ ಬಂದಾಗ, ಪೆಟ್ಟಿಗೆಯೇ ಹೋಯಿತೆಂದು ತೀರ್ಮಾನಿಸಿ ಬೇರೊಂದನ್ನು ಕೂರಿಸುವುದು ಸುಲಭದ ಹಾದಿಯಾಗಿತ್ತು. ಮೊದಲ ವರ್ಷಗಳ ಪೆಟ್ಟಿಗೆಗಳಲ್ಲಿ ನಿಜವಾದ ದೋಷಗಳಿದ್ದುವೆಂಬುದನ್ನು ಮರೆಯಲಾಗದು. ಕ್ಲಚ್ಚುಗಳು ಅಕಾಲದಲ್ಲಿ ಸವೆದದ್ದುಂಟು, ತಯಾರಕರೇ ಅನೇಕ ಭಾಗಗಳನ್ನು ಮತ್ತೆ ಮತ್ತೆ ತಿದ್ದಿದ್ದೂ ಉಂಟು. ಆದರೆ ಹೊಸ ಪೆಟ್ಟಿಗೆ ಕೂರಿಸಿದ ಮೇಲೂ ಹಳೆಯ ತೊಂದರೆ ಹಾಗೆಯೇ ಮರಳಿ ಬಂದರೆ, ವಿಚಾರವಂತನಾದವನು ಏನೆಂದು ತಿಳಿಯಬೇಕು? ಮೂರನೆಯ ಪೆಟ್ಟಿಗೆಯನ್ನು ತರಿಸುವ ಮುನ್ನ, ಬದಲಾಯಿಸದೆ ಉಳಿದಿರುವುದು ಯಾವುದೆಂದು ನೋಡಬೇಕಲ್ಲವೆ?

ಹಾಗೆ ಉಳಿದಿರಬಹುದಾದವುಗಳಲ್ಲಿ ಮೊದಲನೆಯದು ತೈಲದ ಜಾತಿ. ಈ ಪೆಟ್ಟಿಗೆಗೆ ಕ್ರೈಸ್ಲರ್ ಸಂಸ್ಥೆಯದೇ ಆದ 7176 ಎಂಬ ಬಗೆಯ ತೈಲ ಬೇಕಾಗಿತ್ತು. ಪೇಟೆಯಲ್ಲಿ ಎಲ್ಲೆಡೆ ದೊರೆಯುತ್ತಿದ್ದ ಡೆಕ್ಸ್‌ರಾನ್ ತೈಲವೂ ನಡೆಯುತ್ತದೆಂದು ಗಾಡಿಯ ಕೈಪಿಡಿಯಲ್ಲೇ ಹೇಳಿದ್ದುದರಿಂದ ಅನೇಕರು ಅದನ್ನೇ ತುಂಬಿದರು. ಎರಡೂ ನೋಟಕ್ಕೆ ಕೆಂಪು, ಎರಡೂ ಜಿಡ್ಡು. ಆದರೆ ಕ್ಲಚ್ಚಿನ ಬಿಲ್ಲೆಗಳ ನಡುವೆ ಅವು ಉಂಟುಮಾಡುವ ಘರ್ಷಣೆಯ ಗುಣ ಬೇರೆ ಬೇರೆ. ಅದರ ಫಲವಾಗಿ ನಡುಕ, ಒರಟಾದ ಗೇರು ಬದಲಾವಣೆ, ಕೊನೆಗೆ ಸವೆತ. ಹೊಸ ಪೆಟ್ಟಿಗೆಗೂ ಒಗ್ಗದ ತೈಲವನ್ನೇ ಹೊಯ್ದರೆ ಅದರ ಗತಿಯೂ ಅದೇ ತಾನೆ?

ಎರಡನೆಯದು ಗಣಕದ ಸ್ಮರಣೆ. ಕ್ಲಚ್ಚು ಸವೆದಷ್ಟೂ ಅದನ್ನು ತುಂಬಲು ಹೆಚ್ಚು ತೈಲ ಬೇಕಾಗುತ್ತದೆ. ಗಣಕವು ಪ್ರತಿಯೊಂದು ಕ್ಲಚ್ಚಿಗೂ ಬೇಕಾಗುವ ತೈಲದ ಗಾತ್ರವನ್ನು ಕಲಿತಿಟ್ಟುಕೊಂಡು, ಅದಕ್ಕೆ ತಕ್ಕಂತೆ ಅಪ್ಪಣೆ ಕೊಡುತ್ತದೆ. ಪೆಟ್ಟಿಗೆಯನ್ನು ಬದಲಾಯಿಸಿ, ಗಣಕಕ್ಕೆ ಹೊಸದಾಗಿ ಕಲಿಸದೆ ಬಿಟ್ಟರೆ, ಅದು ಹೊಸ ಕ್ಲಚ್ಚನ್ನು ಸವೆದ ಕ್ಲಚ್ಚೆಂದೇ ಭಾವಿಸಿ ನಡೆಸುತ್ತದೆ. ಗೇರು ಬದಲಾಗುವಾಗ ಗಾಡಿ ಎಗರುವುದನ್ನು ಕಂಡ ಮಾಲೀಕನು ಹೊಸದೂ ಕೆಟ್ಟಿತೆಂದು ಮರುಗುತ್ತಾನೆ.

ಮೂರನೆಯದು ಸೆನ್ಸಾರು ಮತ್ತು ತಂತಿಗಳು. ಇಲ್ಲಿ ಪ್ರೌಢಶಾಲೆಯ ಗಣಿತವೇ ಸಾಕು. ಗಾಡಿ ಎರಡನೆಯ ಗೇರಿನಲ್ಲಿದೆ. ಒಳದಂಡ ನಿಮಿಷಕ್ಕೆ 3,140 ಸುತ್ತು ತಿರುಗುತ್ತಿದೆ. ಇದನ್ನು 1.57ರಿಂದ ಭಾಗಿಸಿದರೆ ಹೊರದಂಡ 2,000 ಸುತ್ತು ತಿರುಗಬೇಕು. ಹೊರದಂಡ 2,000ದಲ್ಲೇ ಇರುವಾಗ, ವೇಗಕ್ಕಾಗಿ ಪೆಡಲನ್ನು ಒತ್ತಿದೊಡನೆ ಒಳದಂಡ ಮಾತ್ರ 3,600ಕ್ಕೆ ಏರಿತೆನ್ನಿ. ಪ್ರಮಾಣವು 1.80 ಆಯಿತು, ಅಂತಹ ಗೇರು ಈ ಪೆಟ್ಟಿಗೆಯಲ್ಲಿ ಇಲ್ಲವೇ ಇಲ್ಲ. ಅಂದರೆ ಯಾವುದೋ ಕ್ಲಚ್ಚು ಜಾರುತ್ತಿರಬೇಕೆಂದು ಶಂಕಿಸಲು ಇದು ಬಲವಾದ ಆಧಾರ. ಇದಕ್ಕೆ ಬದಲಾಗಿ, ಓಡುತ್ತಿರುವ ಗಾಡಿಯಲ್ಲಿ ಹೊರದಂಡದ ವರದಿ 2,000ದಿಂದ ಒಮ್ಮೆಲೇ ಸೊನ್ನೆಗೆ ಇಳಿದು, ಕ್ಷಣಾರ್ಧದಲ್ಲಿ ಮತ್ತೆ 2,000ಕ್ಕೆ ಬಂದರೆ? ಒಂದೂವರೆ ಟನ್ನಿನಷ್ಟು ತೂಕದ ಗಾಡಿ ಕ್ಷಣಾರ್ಧದಲ್ಲಿ ನಿಂತು, ಮರುಕ್ಷಣವೇ ಅದೇ ವೇಗದಲ್ಲಿ ಓಡುವುದನ್ನು ನ್ಯೂಟನ್ನನ ನಿಯಮಗಳು ಒಪ್ಪುವುದಿಲ್ಲ. ನಿಂತದ್ದು ಗಾಡಿಯಲ್ಲ, ವರದಿ. ಸೆನ್ಸಾರಿನದೋ ತಂತಿಯ ಜೋಡಣೆಯದೋ ದೋಷವದು. ಅದಕ್ಕಾಗಿ ಪೆಟ್ಟಿಗೆಯನ್ನೇ ಕಿತ್ತುಹಾಕುವುದು ಗಡಿಯಾರ ತಪ್ಪಿತೆಂದು ಸೂರ್ಯನನ್ನು ದೂರಿದಂತೆ.

ಆದುದರಿಂದ ಪರೀಕ್ಷೆಗೆ ಒಂದು ಕ್ರಮವಿರಬೇಕು. ಮೊದಲು ತೈಲದ ಮಟ್ಟ, ಬಣ್ಣ, ವಾಸನೆ ಮತ್ತು ಜಾತಿ, ಅನಂತರ ಬ್ಯಾಟರಿಯ ಒತ್ತಡ ಮತ್ತು ತಂತಿಗಳ ಬಿಗಿ, ಅನಂತರ ಸಂಕೇತಾಂಕಗಳು, ಬಳಿಕ ಓಡುತ್ತಿರುವಾಗಲೇ ಎರಡು ಸೆನ್ಸಾರುಗಳ ವರದಿಯ ತುಲನೆ, ಆಮೇಲೆ ತೈಲದ ಒತ್ತಡದ ಅಳತೆ, ಪೆಟ್ಟಿಗೆಯನ್ನು ಬಿಚ್ಚುವುದು ಎಲ್ಲಕ್ಕಿಂತ ಕೊನೆಗೆ. ಖರ್ಚು ಕಡಿಮೆಯಾದ ಪರೀಕ್ಷೆ ಮೊದಲು, ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿಯೊಂದಕ್ಕೂ ಲಿಖಿತ ದಾಖಲೆ. ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳಿಗೆ ಕಲಿಸುವ ವಿಧಾನವೂ ಇದೇ ಅಲ್ಲವೆ? ಸಂಕೇತಾಂಕವೆಂಬುದು ಜ್ವರವಿದ್ದಂತೆ, ದೇಹದಲ್ಲಿ ಏನೋ ಕೆಟ್ಟಿದೆಯೆಂದು ತಿಳಿಸುತ್ತದೆ, ಏನು ಕೆಟ್ಟಿದೆಯೆಂಬುದನ್ನು ವೈದ್ಯನೇ ಹುಡುಕಬೇಕು.

ಇದಕ್ಕೆ ದುರಸ್ತಿಗಾರರು ಕೊಡುವ ಉತ್ತರವೊಂದುಂಟು. ಪರೀಕ್ಷೆಗೆ ಗಂಟೆಗಟ್ಟಲೆ ಹೊತ್ತು ಹಿಡಿಯುತ್ತದೆ; ಗಿರಾಕಿ ಹೊಸ ಭಾಗಕ್ಕೆ ಹಣ ತೆರುತ್ತಾನೆಯೇ ಹೊರತು ಯೋಚನೆಗೆ ತೆರುವುದಿಲ್ಲ ಎಂಬುದು ಅವರ ಅಳಲು. ಇದು ನ್ಯಾಯವಾದ ದೂರು. ಹುಡುಕಿದ ಶ್ರಮಕ್ಕೆ ಪ್ರತಿಫಲ ಕೊಡದ ಸಮಾಜಕ್ಕೆ ಊಹೆಯ ದುರಸ್ತಿಯೇ ದಕ್ಕುವುದು. ವೈದ್ಯನ ಸಲಹೆಗೆ ಶುಲ್ಕ ಕೊಡುವಂತೆ ನುರಿತ ಮೆಕ್ಯಾನಿಕ್ಕನ ನಿದಾನಕ್ಕೂ ಪ್ರತ್ಯೇಕ ಶುಲ್ಕ ಕೊಡಲು ನಾವು ಸಿದ್ಧರಾಗಬೇಕು. ಆತನೂ ತಾನು ಅಳೆದ ಅಂಕೆಗಳನ್ನು ಬರೆದುಕೊಡಲು ಸಿದ್ಧನಾಗಬೇಕು.

ಅಂಕೆಗಳನ್ನು ಓದಲು ಸಾಧನವೂ ಮಾಹಿತಿಯೂ ಬೇಕಷ್ಟೆ. ಇವು ತಯಾರಕರ ಕೈಯಲ್ಲೇ ಉಳಿದರೆ ಉಳಿದವರೆಲ್ಲರೂ ಕುರುಡರಾಗುತ್ತಾರೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಮತದಾರರು 2012ರಲ್ಲಿ, ಗಾಡಿಗಳ ದುರಸ್ತಿಯ ಮಾಹಿತಿಯು ಮಾಲೀಕರಿಗೂ ಸ್ವತಂತ್ರ ದುರಸ್ತಿಗಾರರಿಗೂ ದೊರೆಯಬೇಕೆಂದು ಭಾರಿ ಬಹುಮತದಿಂದ ತೀರ್ಪು ಕೊಟ್ಟರು. 2014ರಲ್ಲಿ ತಯಾರಕರು ಇದನ್ನು ದೇಶಕ್ಕೆಲ್ಲ ಅನ್ವಯಿಸಲು ಒಪ್ಪಂದ ಮಾಡಿಕೊಂಡರು. ಭಾರತ ಸರ್ಕಾರವೂ 2022ರ ಡಿಸೆಂಬರಿನಲ್ಲಿ ದುರಸ್ತಿಯ ಹಕ್ಕಿಗೆ ಸಂಬಂಧಿಸಿದ ಜಾಲತಾಣವನ್ನು ತೆರೆದು, ಮೋಟಾರು ವಾಹನಗಳನ್ನೂ ಅದರಲ್ಲಿ ಸೇರಿಸಿತು.

ಆದರೆ ಮಾಹಿತಿ ದೊರೆತ ಮಾತ್ರಕ್ಕೆ ವಿವೇಕ ದೊರೆಯದು. ನಮ್ಮ ತಾಂತ್ರಿಕ ಶಾಲೆಗಳಲ್ಲಿ ಭಾಗಗಳನ್ನು ಬಿಚ್ಚಿ ಜೋಡಿಸುವುದನ್ನು ಕಲಿಸುವಷ್ಟೇ ಶ್ರದ್ಧೆಯಿಂದ ದೋಷವನ್ನು ತರ್ಕಬದ್ಧವಾಗಿ ಹುಡುಕುವುದನ್ನೂ ಕಲಿಸಬೇಕು. ಪರೀಕ್ಷೆಯಲ್ಲಿ ಕೆಟ್ಟ ಯಂತ್ರವೊಂದನ್ನು ಮುಂದಿಟ್ಟು, ದೋಷವೆಲ್ಲಿದೆ, ಅದಕ್ಕೆ ಪ್ರಮಾಣವೇನೆಂದು ಕೇಳಬೇಕು. ಓದುಗರಲ್ಲಿ ಎಲ್ಲರೂ ಎಂಜಿನಿಯರುಗಳಾಗಲಾರರು. ಆದರೆ ಮನೆಯ ಗಾಡಿ ಕೆಟ್ಟ ದಿನ, ದೊಡ್ಡ ಮೊತ್ತದ ಪಟ್ಟಿಯನ್ನು ಕೈಗಿಟ್ಟವರೊಡನೆ “ಇದೇ ಕೆಟ್ಟಿದೆಯೆಂದು ಯಾವ ಅಳತೆಯಿಂದ ತಿಳಿಯಿತು?” ಎಂದು ವಿನಯದಿಂದ ಕೇಳುವುದು ಎಲ್ಲರಿಗೂ ಸಾಧ್ಯ. ಆ ಪ್ರಶ್ನೆಗೆ ಉತ್ತರ ದೊರೆಯುವವರೆಗೆ ಹಣದ ಚೀಲವನ್ನು ಬಿಚ್ಚದಿರುವುದೇ ಮೇಲು.