ನೀರಿನ ಗುರುತು

ಹೊಟ್ಟೆಪಾಡಿಗಾಗಿ ಕನ್ನಡನಾಡನ್ನು ಬಿಟ್ಟು ನಾಶಿಕಕ್ಕೆ ಬಂದ ಮೊದಲ ಮಳೆಗಾಲದಲ್ಲಿ ಒಂದು ಮಾತು ನಮಗೆ ವಿಚಿತ್ರವಾಗಿ ಕೇಳಿಸಿತ್ತು. ಗೋದಾವರಿಗೆ ಪ್ರವಾಹ ಬಂದಿತೆಂದರೆ ಇಲ್ಲಿಯ ಜನ ಅಡಿಗಳ ಲೆಕ್ಕ ಕೇಳುವುದಿಲ್ಲ. ನೀರು ಮಾರುತಿಗೆ ಎಲ್ಲಿಯವರೆಗೆ ಬಂದಿತೆಂದು ಕೇಳುತ್ತಾರೆ. ರಾಮಕುಂಡದ ಬಳಿ ನದಿಯ ಪಾತ್ರದಲ್ಲಿಯೇ ನಿಂತಿರುವ ಎರಡು ಮೊಗದ ಆ ಮಾರುತಿಯನ್ನು ನೀವೆಲ್ಲರೂ ನೋಡಿದ್ದೀರಿ. 2008, 2016, 2019ರ ಪ್ರವಾಹಗಳನ್ನು ಮೊಣಕಾಲು, ಸೊಂಟ, ಎದೆ, ಕೊರಳು ಎಂದೇ ಜನ ಅಳೆದರು. ದಂಡೆಯ ಅಂಗಡಿಯವನಿಗೆ ಸಾಮಾನು ಕಟ್ಟಬೇಕಾದ ಹೊತ್ತು ಯಾವುದೆಂಬುದು ಇದರಿಂದಲೇ ತಿಳಿಯುತ್ತದೆ.

ಕಡಲಿಗೆ ಇಂತಹ ಮಾರುತಿ ಬೇಡವೆ? ಈ ಪ್ರಶ್ನೆಯನ್ನೆತ್ತಿದಾಗ ಛತ್ರಪತಿ ಸಂಭಾಜಿನಗರದಲ್ಲಿರುವ ನಮ್ಮ ಸ್ನೇಹಿತರೊಬ್ಬರು, "ಕಡಲೆಲ್ಲಿ, ನೀವೆಲ್ಲಿ ಮೇಷ್ಟ್ರೆ?" ಎಂದು ನಕ್ಕರು. (ಅವರ ಜಿಲ್ಲೆಯ ಪೈಠಣಕ್ಕೆ ಹರಿಯುವುದೂ ಇದೇ ಗೋದಾವರಿಯೆ, ಅದಿರಲಿ.) ಆದರೆ ಇಲ್ಲಿರುವ ಕನ್ನಡ ಮನೆತನಗಳಲ್ಲಿ ಕರಾವಳಿಯಿಂದ ಬಂದವೂ ಉಂಟಷ್ಟೆ.

1945ರ ನವೆಂಬರ್ 28ರಂದು ಮಕರಾನ ತೀರದಾಚೆ ಭೂಮಿ ಕಂಪಿಸಿ ಎದ್ದ ಸುನಾಮಿ ಮುಂಬಯಿಯಲ್ಲಿ ಸುಮಾರು 2 ಮೀಟರ್ ಏರಿ ಪ್ರಾಣಹಾನಿ ಮಾಡಿತು. ನಮ್ಮ ಕಾರವಾರವನ್ನೂ ಮುಟ್ಟಿತು. ಇಂದು ಕಾರವಾರದ ದಂಡೆಯಲ್ಲಿ ಸಂಜೆ ಅಡ್ಡಾಡುವವರಲ್ಲಿ ಎಷ್ಟು ಮಂದಿಗೆ ಇದರ ನೆನಪುಂಟು? ಸುನಾಮಿಯೆಂದರೆ 2004ರ ಡಿಸೆಂಬರ್ 26, ಅದು ಪೂರ್ವ ಕರಾವಳಿಯವರ ಪಾಡು, ಎಂದು ನಾವು ನಿಶ್ಚಿಂತರಾಗಿದ್ದೇವೆ.

ಗೋಡೆ ಕಟ್ಟಿದರೆ ಸಾಲದೆ ಎನ್ನುವವರಿದ್ದಾರೆ. ಗೋಡೆ ಬೇಡವೆಂದು ನಾವು ಹೇಳುವುದಿಲ್ಲ. ಆದರೆ ಸುನಾಮಿ ಕಟ್ಟಡವನ್ನು ಎರಡು ಸಲ ಹೊಡೆಯುತ್ತದೆ: ಬರುವಾಗ ಗೋಡೆಯನ್ನು ನೂಕುತ್ತದೆ, ಮರಳುವಾಗ ಅಡಿಪಾಯದ ಕೆಳಗಿನ ಮಣ್ಣನ್ನೇ ಎಳೆದೊಯ್ಯುತ್ತದೆ. ಮೇಲೆ ಗಟ್ಟಿಯಾಗಿ ಕಂಡ ಮನೆ ಬುಡವಿಲ್ಲದೆ ವಾಲುತ್ತದೆ. 2007ರಿಂದ ಹೈದರಾಬಾದಿನ ಕೇಂದ್ರವೊಂದು ಸುನಾಮಿಯ ಮುನ್ಸೂಚನೆ ಕೊಡುತ್ತಿದೆ, ನಿಜ. ಸೂಚನೆ ಬಂದಾಗ ಎಷ್ಟು ಎತ್ತರಕ್ಕೆ ಓಡಬೇಕೆಂಬುದು ಊರವನಿಗೆ ಮೊದಲೇ ತಿಳಿದಿರಬೇಡವೆ?

ಜಪಾನಿನ ಅನೆಯೋಶಿ ಎಂಬ ಹಳ್ಳಿಯವರು 1933ರ ಸುನಾಮಿಯ ತರುವಾಯ, ಇದಕ್ಕಿಂತ ಕೆಳಗೆ ಮನೆ ಕಟ್ಟಬಾರದೆಂದು ಕಲ್ಲು ನೆಟ್ಟರು. 2011ರಲ್ಲಿ ನೀರು ಆ ಕಲ್ಲಿನ ಕೆಳಗೇ ನಿಂತಿತು. ಮೇಲಿನ ಮನೆಗಳು ಉಳಿದವು. ನಮ್ಮ ಕರಾವಳಿಯ ಪ್ರತಿ ಶಾಲೆಯ ಗೋಡೆಯ ಮೇಲೂ, ಬಂದರಿನ ಕಂಬದ ಮೇಲೂ ಇಂತಹ ಗೆರೆಯೊಂದನ್ನು ಬರೆಯಿಸಬೇಕೆಂಬುದು ನಮ್ಮ ಅಭಿಪ್ರಾಯ. ಪ್ರವಾಸಿಗರು ಹೆದರಿಯಾರು ಎನ್ನುವಿರಾ? ಮಾರುತಿಯನ್ನು ಕಂಡು ನಾಶಿಕಕ್ಕೆ ಬರುವುದನ್ನು ಯಾರೂ ಬಿಟ್ಟಿಲ್ಲ.

ಬರುವ ಮೇ ರಜೆಯಲ್ಲಿ ಕಾರವಾರದ ಕಡೆಗೆ ಹೋಗುವ ವಿದ್ಯಾರ್ಥಿಗಳು ಅಲ್ಲಿಯ ವೃದ್ಧರನ್ನು ಕೇಳಿ, ಅವರ ಹಿರಿಯರು ತೋರಿಸಿದ್ದ ನೀರಿನ ಗುರುತು ಯಾವುದಾದರೂ ಇದ್ದರೆ ಬರೆದುಕೊಂಡು ಬನ್ನಿರಿ. ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕಿಸೋಣ.