ಇಲಿ ಇಲ್ಲದ ದ್ವೀಪಕ್ಕೆ ಮನುಷ್ಯರಿಗೆ ಪ್ರವೇಶ ಬೇಕೇ?

ನ್ಯೂಜಿಲೆಂಡ್‌ನ ಆಕ್ಲೆಂಡ್ ಸಮೀಪದ ತಿರಿತಿರಿ ಮಟಾಂಗಿ ದ್ವೀಪಕ್ಕೆ ಹೊರಡುವ ಪ್ರವಾಸಿಗರು ದೋಣಿ ಹತ್ತುವ ಮುನ್ನ ಪಾದರಕ್ಷೆಗೆ ಅಂಟಿದ ಮಣ್ಣು ತೆಗೆಯಬೇಕು, ಚೀಲದಲ್ಲಿ ಇಲಿ, ಇರುವೆ, ಬೀಜಗಳಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಮೇಲ್ನೋಟಕ್ಕೆ ಇದು ಅತಿರೇಕ. ಆದರೆ ಈ ಕಟ್ಟುನಿಟ್ಟಿಗೆ ಬಲವಾದ ಕಾರಣವಿದೆ.

ಬಾವಲಿಗಳ ಹೊರತು ನೆಲದ ಮೇಲಿನ ಸ್ಥಳೀಯ ಸಸ್ತನಿಗಳೇ ಇಲ್ಲದ ಆ ನಾಡಿನಲ್ಲಿ ಹಲವು ಹಕ್ಕಿಗಳು ಹಾರುವುದನ್ನೇ ಮರೆತವು. ಮನುಷ್ಯನ ಜೊತೆ ಬಂದ ಇಲಿ, ಬೆಕ್ಕುಗಳಿಗೆ, ಬಳಿಕ ಮೊಲಗಳ ಹತೋಟಿಗೆಂದು ತಂದು ಬಿಟ್ಟ ಸ್ಟೋಟ್ ಎಂಬ ಪುಟ್ಟ ಬೇಟೆಪ್ರಾಣಿಗೆ ಅವು ಸುಲಭದ ತುತ್ತಾದವು. ದಕ್ಷಿಣದ ಬಿಗ್ ಸೌತ್ ಕೇಪ್ ದ್ವೀಪಕ್ಕೆ ನುಗ್ಗಿದ ಹಡಗಿನ ಇಲಿಗಳ ಹಾವಳಿ 1964ರಲ್ಲಿ ಬೆಳಕಿಗೆ ಬಂದಾಗ, ಅಧಿಕಾರಿಗಳು 36 ಸ್ಯಾಡಲ್‌ಬ್ಯಾಕ್ ಹಕ್ಕಿಗಳನ್ನು ಬೇರೆ ದ್ವೀಪಗಳಿಗೆ ಸಾಗಿಸಿ ಆ ಪ್ರಭೇದವನ್ನು ಉಳಿಸಿಕೊಂಡರು. ಅಲ್ಲಿನ ಸ್ನೈಪ್ ಮತ್ತು ಪೊದೆಗುಬ್ಬಿಗಳು ಮಾತ್ರ ಶಾಶ್ವತವಾಗಿ ಕಣ್ಮರೆಯಾದವು.

ಸುಮಾರು 220 ಹೆಕ್ಟೇರ್ ವಿಸ್ತೀರ್ಣದ ತಿರಿತಿರಿ ಒಂದು ಕಾಲದಲ್ಲಿ ಬೋಳು ಹುಲ್ಲುಗಾವಲಾಗಿತ್ತು. 1984ರಿಂದ ಹತ್ತು ವರ್ಷಗಳಲ್ಲಿ ಸ್ವಯಂಸೇವಕರು ಎರಡೂವರೆ ಲಕ್ಷಕ್ಕೂ ಹೆಚ್ಚು ಸಸಿ ನೆಟ್ಟರು. 1993ರಲ್ಲಿ ಇಲಿಗಳ ನಿರ್ಮೂಲನೆ ನಡೆಯಿತು. ಅಳಿದೇ ಹೋಯಿತೆಂದು ಭಾವಿಸಲಾಗಿದ್ದು, 1948ರಲ್ಲಿ ಮತ್ತೆ ಪತ್ತೆಯಾದ ಟಕಾಹೆ ಇಂದು ಇಲ್ಲಿ ಪ್ರವಾಸಿಗರ ಕಾಲಬಳಿಯೇ ಮೇಯುತ್ತದೆ.

ಹಾಗಾದರೆ ಜನರನ್ನು ದೂರವಿಡುವುದೇ ಲೇಸಲ್ಲವೇ? ಕಾಕಾಪೊ ಗಿಳಿಗಳ ನೆಲೆಯಾದ ವೆನುವಾ ಹೋವ್ ದ್ವೀಪದಲ್ಲಿ ಸಾರ್ವಜನಿಕರಿಗೆ ಪ್ರವೇಶವಿಲ್ಲ. ಅಪಾಯವೂ ಕಾಲ್ಪನಿಕವಲ್ಲ. 2000ದಲ್ಲಿ ತಿರಿತಿರಿಯಲ್ಲಿ ಅರ್ಜೆಂಟೀನಾ ಇರುವೆ ಪತ್ತೆಯಾಗಿ, ಅದನ್ನು ತೊಲಗಿಸಲು ವರ್ಷಗಳೇ ಹಿಡಿದವು. ಆದರೆ ಬಾಗಿಲು ಮುಚ್ಚಿದ ಮಾತ್ರಕ್ಕೆ ಅಪಾಯ ನೀಗದು. ಈಜಬಲ್ಲ ಸ್ಟೋಟ್‌ಗೆ ದೋಣಿಯ ಹಂಗಿಲ್ಲ. ಕರಾವಳಿಯಿಂದ ಸುಮಾರು ಐದು ಕಿಲೋಮೀಟರ್ ದೂರದ ಕಾಪಿಟಿ ದ್ವೀಪದಲ್ಲಿ 2010ರಲ್ಲಿ ಅದು ಕಾಣಿಸಿಕೊಂಡಿತ್ತು.

ಈ ಹಿನ್ನೆಲೆಯಲ್ಲಿ ತಿರಿತಿರಿಯ ಮುಕ್ತ ನೀತಿ ಕೇವಲ ಔದಾರ್ಯವಲ್ಲ, ಲೆಕ್ಕಾಚಾರವೂ ಹೌದು. 2016ರಲ್ಲಿ ನ್ಯೂಜಿಲೆಂಡ್ ಸರ್ಕಾರ 2050ರೊಳಗೆ ಇಡೀ ದೇಶವನ್ನು ಇಲಿ, ಸ್ಟೋಟ್, ಪಾಸಮ್‌ಗಳಿಂದ ಮುಕ್ತಗೊಳಿಸುವ ಗುರಿ ಘೋಷಿಸಿತು. 2025ರಲ್ಲಿ ಕಾಡುಬೆಕ್ಕುಗಳನ್ನೂ ಆ ಪಟ್ಟಿಗೆ ಸೇರಿಸಿತು. ಆದರೆ ಅದೇ ವರ್ಷ ಈ ಉದ್ದೇಶಕ್ಕೆಂದೇ ಸ್ಥಾಪಿಸಿದ್ದ ಸರ್ಕಾರಿ ಕಂಪನಿಯನ್ನು ಮುಚ್ಚುವ ನಿರ್ಧಾರವೂ ಹೊರಬಿತ್ತು. ಸರ್ಕಾರದ ಆದ್ಯತೆಗಳು ಹೀಗೆ ಬದಲಾಗುವಾಗ ಗುರಿಯನ್ನು ಕೈಬಿಡದಂತೆ ಒತ್ತಾಯಿಸಬೇಕಾದವರು ಜನರೇ. ಹಕ್ಕಿಯ ಹಾಡನ್ನೇ ಕೇಳದವರಿಂದ ಆ ಒತ್ತಾಯವನ್ನು ನಿರೀಕ್ಷಿಸುವುದು ಕಷ್ಟ. ಚೀಲ ತಪಾಸಣೆಯ ಕಿರಿಕಿರಿ, ಆ ಹಾಡಿಗೆ ತೆರಬೇಕಾದ ಅಲ್ಪ ಬೆಲೆ.